ಅಕ್ಕಪಕ್ಕದ ಬೋನುಗಳು

ಮೊದಲ ಸಲ ಅವನು ನನ್ನ ಸೋದರಮಾವನ ಪಶು ಚಿಕಿತ್ಸಾಲಯಕ್ಕೆ ಬಂದಾಗ ಜೊತೆಯಲ್ಲಿ ನಾಯಿಯೂ ಇರಲಿಲ್ಲ, ಬೆಕ್ಕೂ ಇರಲಿಲ್ಲ.

“ಪ್ರಾಣಿ ಎಲ್ಲಿ?” ಎಂದೆ, ರಿಜಿಸ್ಟರಿನಿಂದ ತಲೆಯೆತ್ತದೆ.

“ನಾನೇ.”

ತಲೆಯೆತ್ತಿದೆ. ವೆಲ್ಡಿಂಗ್ ಕೆಲಸದವನು, ಅಂಗಿಯ ತುಂಬ ಕಿಡಿ ಸುಟ್ಟ ತೂತುಗಳು. ಕಣ್ಣು ಜೇನಿನ ಬಣ್ಣದ್ದು, ನೋಡಿದರೆ ನೋಡುತ್ತಲೇ ಇರಬೇಕು ಅನ್ನಿಸುವಂಥದ್ದು. ತಮಾಷೆಗೆ ದೊಡ್ಡ ನಾಯಿಗಳ ತೂಕದ ಯಂತ್ರ ತೋರಿಸಿ, “ಹತ್ತಿ ನಿಂತ್ಕೊಳ್ಳಿ” ಎಂದೆ. ಅವನು ಚಪ್ಪಲಿ ಬಿಟ್ಟು ನಿಂತೇಬಿಟ್ಟ. ಒಳಗಿಂದ ಬಂದ ಮಾವ ನಗಲಿಲ್ಲ.

“ಇವತ್ತು ಹುಣ್ಣಿಮೆ. ಹಿಂದಿನ ದೊಡ್ಡ ಬೋನು ತೆಗಿಯಮ್ಮ.”

ಆಮೇಲೆ ಪ್ರತಿ ಹುಣ್ಣಿಮೆಯ ಮಧ್ಯಾಹ್ನ ಬರುತ್ತಿದ್ದ. ತೂಕ ನೋಡಿ ನಿದ್ದೆಯ ಮದ್ದು ಚುಚ್ಚುವುದು ನನ್ನ ಕೆಲಸ. ಅವನು ತೋಳವಾಗುವುದು, ಮತ್ತೆ ಮನುಷ್ಯನಾಗುವುದು ಎಲ್ಲ ಬೋನಿನೊಳಗೆ ನಿದ್ದೆಯಲ್ಲೇ ಮುಗಿಯುತ್ತಿತ್ತು.

“ಕಾಂಪೌಂಡರಮ್ಮ, ಒಂದು ಕೆಜಿ ಜಾಸ್ತಿಯಾಗಿದ್ದೀನಿ. ನಿಮ್ಮನ್ನ ನೋಡೋ ಖುಷಿಗೆ.”

“ತಿಂದಿದ್ದಕ್ಕೆ. ತೋಳು ಮೇಲೆ ಮಾಡಿ.”

ಹತ್ತಿಯಿಂದ ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಒರೆಸುತ್ತಿದ್ದೆ. ಅವನು ಛಾವಣಿ ನೋಡುತ್ತ ಮೀಸೆಯಲ್ಲೇ ನಗುತ್ತಿದ್ದ.

ನನ್ನದನ್ನೂ ಹೇಳಿಬಿಡುತ್ತೇನೆ. ಬೆನ್ನಿನ ಆಪರೇಷನ್ ಆದಮೇಲೆ ಹತ್ತಿದ ನೋವಿನ ಇಂಜೆಕ್ಷನ್ನಿನ ಚಟ. ಎರಡು ಸಲ ಬಿಡಿಸಿದ್ದರು. ಅಕ್ಕನ ಮಗಳೆಂದು ನಂಬಿ ಮಾವ ಔಷಧಿ ಕಪಾಟಿನ ಬೀಗದ ಕೈಯನ್ನು ನನಗೇ ಕೊಟ್ಟಿದ್ದರು. ನಾಯಿಗಳ ಮದ್ದು ಮುಟ್ಟಲಿಲ್ಲ, ಬಡಪಾಯಿಗಳಿಗೆ ನೋವಾದೀತೆಂದು. ಅವನ ಮದ್ದು ಬೇರೆ. ತಿಂಗಳಿಗೊಮ್ಮೆ ತೆರೆಯುವ ಬಾಟಲಿ, ಯಾರಿಗೂ ತಿಳಿಯುವುದಿಲ್ಲ. ನಾನು ಎಷ್ಟು ತೆಗೆದೆನೋ ಅಷ್ಟು ಸಲೈನ್ ತುಂಬಿಸಿಟ್ಟೆ. ಪ್ರೀತಿಸಿದವನ ಪಾಲನ್ನೇ ಕದ್ದೆ. ನನ್ನ ಬುದ್ಧಿ ಅಂಥದ್ದು.

ಆ ಹುಣ್ಣಿಮೆಯ ಹೊತ್ತಿಗೆ ಬಾಟಲಿಯಲ್ಲಿ ಉಳಿದಿದ್ದು ಬರೀ ಸಲೈನ್. ಸೂಜಿ ಅವನ ತೋಳಿನ ಹತ್ತಿರ ನಿಂತುಬಿಟ್ಟಿತು. ಹೇಳಿದರೆ ಅವನು ಹೋಗುತ್ತಾನೆ. ಹೇಳದಿದ್ದರೆ ರಾತ್ರಿ ತೋಳ ಬೋನು ಮುರಿದು ಯಾರೋ ಸಾಯುತ್ತಾರೆ.

“ಇದ್ರಲ್ಲಿ ಮದ್ದಿಲ್ಲ” ಎಂದೆ. “ನಾನು ತಗೊಂಡೆ.”

“ಗೊತ್ತು.”

ನಾನು ಸಿರಿಂಜನ್ನು ಟ್ರೇಯಲ್ಲಿಟ್ಟೆ.

“ಹೋದ ಹುಣ್ಣಿಮೆ ಪೂರ್ತಿ ಎಚ್ಚರವಾಗಿದ್ದೆ. ಸರಳು ಬಗ್ಗಿತ್ತು, ನೋಡ್ಲಿಲ್ವಾ? ಇವತ್ತು ಬೆಳಿಗ್ಗೆ ನೀವು ಬರೋ ಮೊದಲೇ ಬಂದು ಹೊಸ ಸರಳು ಬೆಸೆದೆ. ನಿಮ್ಮ ಬೆವರಲ್ಲೂ ಅದೇ ಮದ್ದಿನ ವಾಸನೆ.”

“ಮಾವನಿಗೆ ಯಾಕೆ ಹೇಳ್ಲಿಲ್ಲ?”

“ನಿಮ್ಮನ್ನ ಕಳಿಸಿಬಿಡ್ತಾರೆ ಅಂತ. ಅದನ್ನ ಪ್ರೀತಿ ಅಂದ್ಕೊಂಡಿದ್ದೆ.” ಅವನು ಮೊದಲ ಸಲ ನನ್ನ ಕಣ್ಣು ತಪ್ಪಿಸಿದ. “ಬರೀ ಹೇಡಿತನ.”

ಮಾವನನ್ನು ನಾನೇ ಕರೆದು ಹೇಳಿದೆ. ಅವರು ಬೈಯಲಿಲ್ಲ. ಬೀಗದ ಕೈಗೆ ಅಂಗೈ ಚಾಚಿದರು, ಅಷ್ಟೇ. ಹೊಸ ಬಾಟಲಿ ಬರುವುದು ನಾಳೆ.

“ಪಕ್ಕದ ಬೋನಿಗೆ ನನ್ನನ್ನೂ ಹಾಕಿ, ಮಾವ. ಹೊರಗಿದ್ರೆ ಏನು ಮಾಡ್ತೀನೋ ನನಗೇ ಗೊತ್ತಿಲ್ಲ.”

ಎರಡೂ ಬೋನಿಗೆ ಬೀಗ ಹಾಕಿ, ಮಾವ ಬಾಗಿಲ ಹೊರಗೆ ಕುರ್ಚಿ ಹಾಕಿಕೊಂಡರು. ಸರಳಿನ ಸಂದಿಯಿಂದ ಅವನ ಬೆರಳು ನನ್ನ ಬೆರಳನ್ನು ಹಿಡಿದಿತ್ತು.

“ಕೈ ತೆಗಿ. ಚಂದ್ರ ಬರ್ತಿದ್ದಾನೆ” ಎಂದ.

ಮೊದಲ ಸಲ ಏಕವಚನ. ಆ ಸುಖಕ್ಕೆ ಇನ್ನೊಂದು ನಿಮಿಷ ಬಿಡಲಿಲ್ಲ.

ಆಮೇಲೆ ಬೆಳಗಿನವರೆಗೂ ಪಕ್ಕದಲ್ಲಿ ಅದು ಸರಳಿಗೆ ಮೈ ಬಡಿಯುತ್ತಿತ್ತು. ಇತ್ತ ನಾನು ಬೆವರಿ ನಡುಗುತ್ತ ಮಾವನನ್ನು ಬೇಡಿದೆ, ಶಪಿಸಿದೆ, ಬಾಯಿಗೆ ಬಂದದ್ದೆಲ್ಲ ಅಂದೆ. ಎರಡರಲ್ಲಿ ಯಾವ ಕೂಗು ತೋಳದ್ದು ಎಂದು ಮಾವನಿಗೆ ತಿಳಿದಿರಲಾರದು.

ಬೆಳಕಾದಾಗ ಅವನು ಕಂಬಳಿ ಸುತ್ತಿಕೊಂಡು ಸರಳಿಗೆ ಒರಗಿದ್ದ. ಬೆರಳುಗಳಲ್ಲಿ ರಕ್ತ.

“ನಾನು ಅಂದಿದ್ದೆಲ್ಲ ಕೇಳಿಸ್ತಾ?”

“ಒಂದು ಹನಿ ಕೊಟ್ರೆ ಈ ತೋಳದ ಬೋನನ್ನೂ ತೆಗೀತೀನಿ ಅಂತ ಮಾವನಿಗೆ ಅಂದೆ ನೀನು.”

“ತೆಗೀತಿದ್ದೆ.”

“ನಾನು ನಿನ್ನನ್ನ ಸೀಳ್ತಿದ್ದೆ.” ಅವನ ದನಿ ಇಳಿಯಿತು. “ಆದ್ರೂ ನೀನೇ ಬೇಕು ನನಗೆ.”

“ನನಗೂ” ಎಂದು ಅತ್ತೆ.

ಮಾವ ಅವನ ಬೀಗ ತೆಗೆದರು. ನನ್ನ ಮುಂದೆ ನಿಂತು, “ನಿನ್ನದು?” ಎಂದರು.

ಅವನ ಹುಣ್ಣಿಮೆ ತಿಂಗಳಿಗೊಂದು. ನನ್ನದು ದಿನವೂ.

“ಇವತ್ತೂ ಇರಲಿ, ಮಾವ.”

ಅವನು ಮನೆಗೆ ಹೋಗಲಿಲ್ಲ. ಕಂಬಳಿ ಎಳೆದು ತಂದು ನನ್ನ ಬೋನಿನ ಬಾಗಿಲಿಗೆ ಅಡ್ಡವಾಗಿ ಹಾಸಿ ಮಲಗಿದ.

“ಕೆಲಸ ಇಲ್ವಾ ನಿನಗೆ?”

“ರಜಾ ಹೇಳಿದ್ದೀನಿ” ಎಂದ. “ಎಷ್ಟು ದಿನ ಅಂತ ಹೇಳಿಲ್ಲ.”