ಆಮುಂಡನ ಉಗ್ರಾಣದ ಯೀಸ್ಟು

ಗುಲ್ಲಿಕನ ಹೊಟ್ಟೆಯುರಿ ಶುರುವಾದದ್ದು ಹೋದ ಕ್ರಿಸ್‌ಮಸ್ಸಿನಲ್ಲಿ, ಪಕ್ಕದ ಮನೆಯ ಬ್ರಿತಜ್ಜಿ ಆಡಿದ ಒಂದು ಮಾತಿನಿಂದ. ವೊಸ್ ಎಂಬ ಕಣಿವೆ ಸೀಮೆಯ ಹಳ್ಳಿಗಳಲ್ಲಿ ಆಗ ಮನೆಮನೆ ತಿರುಗಿ ಒಬ್ಬರ ಬಿಯರನ್ನು ಇನ್ನೊಬ್ಬರು ರುಚಿ ನೋಡುವುದು ವಾಡಿಕೆ. ಅಜ್ಜಿ ಗುಲ್ಲಿಕನ ಬಿಯರನ್ನು ಒಂದು ಗುಟುಕು ಹೀರಿ, ಮರದ ಬೋಗುಣಿಯನ್ನು ಮೆಲ್ಲಗೆ ಕೆಳಗಿಟ್ಟು, ಎಲ್ಲರಿಗೂ ಕೇಳುವಂತೆ ಹೇಳಿದಳು: “ಏನೇ ಹೇಳು ಗುಲ್ಲಿಕಾ, ಯೀಸ್ಟು ಹಾಕುವಾಗ ನೀನು ಕೂಗ್ತೀಯಲ್ಲ, ಅದನ್ನ ಕೇಳಿದ್ರೆ ನಮ್ಮನೇಲಿ ಕೂತ ನನಗೂ ಬಾಯಲ್ಲಿ ನೀರೂರುತ್ತೆ. ಕುಡಿದ್ರೆ ಮಾತ್ರ ಊರಿದ ನೀರೂ ಆರಿಹೋಗುತ್ತಪ್ಪ.”

ಜನ ಬಿದ್ದು ಬಿದ್ದು ನಕ್ಕರು. ಅಜ್ಜಿಯ ಮಗ ಆಮುಂಡನಂತೂ ಮೀಸೆಗೆ ಹತ್ತಿದ ನೊರೆ ಒರೆಸಿಕೊಳ್ಳುವುದನ್ನೂ ಮರೆತು ನಕ್ಕ. ಕೂಗನ್ನು ಹೊಗಳಿದ್ದೇನೋ ನಿಜ. ಮೊಳಕೆ ಬರಿಸಿದ ಬಾರ್ಲಿಯ, ಅಂದರೆ ಮಾಲ್ಟಿನ, ಸಿಹಿನೀರಿಗೆ ಯೀಸ್ಟು ಬೀಳುವ ಗಳಿಗೆಯಲ್ಲಿ ಮನೆಯ ಯಜಮಾನ ಎದೆ ತುಂಬಿ ಕೂಗಬೇಕು, ಇಲ್ಲದಿದ್ದರೆ ಯೀಸ್ಟು ನಿದ್ದೆಯಿಂದ ಏಳುವುದಿಲ್ಲ. ಗುಲ್ಲಿಕ ಕೂಗಿದರೆ ಸರೋವರದ ಆಚೆ ದಡದ ಕುರಿಗಳೂ ತಲೆಯೆತ್ತುತ್ತಿದ್ದವು. ಆದರೆ ಕೂಗನ್ನು ಬೋಗುಣಿಗೆ ಸುರಿದು ಕುಡಿಯಲಾಗುತ್ತದೆಯೇ? ಅವನಿಗೆ ಪಿತ್ತ ನೆತ್ತಿಗೇರಿತು. “ಲೋ ಆಮುಂಡಾ, ನಿನ್ನ ಬಿಯರೇನು ಮಹಾ? ಕರುಗಳಿಗೆ ಕುಡಿಸೋ ಕಲಗಚ್ಚು!” ಎಂದುಬಿಟ್ಟ. ಶುದ್ಧ ಸುಳ್ಳು. ಕಿತ್ತಳೆ ಸಿಪ್ಪೆಯಂತೆ ಘಮ್ಮೆನ್ನುವ ಆಮುಂಡನ ಬಿಯರಿಗೆ ಕಣಿವೆಯಲ್ಲಿ ಸಾಟಿಯೇ ಇಲ್ಲವೆಂಬುದು ಎಲ್ಲರಿಗೂ ಗೊತ್ತಿತ್ತು, ಗುಲ್ಲಿಕನಿಗೂ ಗೊತ್ತಿತ್ತು.

ಈಗ ಗುಲ್ಲಿಕನ ಮಗಳ ಮದುವೆಗೆ ಮೂರು ವಾರ ಉಳಿದಿತ್ತು. ಮದುವೆಯ ಬಿಯರನ್ನು ಹುಡುಗಿಯ ಅಪ್ಪನೇ ಕೈಯಾರೆ ಮಾಡಬೇಕು. ಅಂಗಡಿಯಿಂದ ತಂದ ಬಿಯರು ಬಡಿಸಿದರೆ ಬೀಗರು ಮೊಮ್ಮಕ್ಕಳ ಕಾಲದವರೆಗೂ ಆಡಿಕೊಳ್ಳುತ್ತಾರೆ. ಗುಲ್ಲಿಕ ಅಜ್ಜನ ಕಾಲದ ಯೀಸ್ಟಿನ ಡಬ್ಬಿ ತೆಗೆದ. ಒದ್ದೆ ಕಾಲುಚೀಲದ ವಾಸನೆ ಗಪ್ಪೆಂದು ಮೂಗಿಗೆ ಬಡಿಯಿತು. ಆದದ್ದಾಗಲಿ ಎಂದು ಒಂದು ಚಿಟಿಕೆಯನ್ನು ಬೆಚ್ಚಗಿನ ಸಿಹಿನೀರಿಗೆ ಹಾಕಿ ಕೂಗಿದ. ಮತ್ತೆ ಕೂಗಿದ. ಎರಡು ದಿನ ಕಾದರೂ ಒಂದೇ ಒಂದು ಗುಳ್ಳೆ ಏಳಲಿಲ್ಲ. ಯೀಸ್ಟು ಸತ್ತುಹೋಗಿತ್ತು.

ಇದಕ್ಕೆ ಪರಿಹಾರ ಬಲು ಸುಲಭ. ಮೊಸರಿಗೆ ಹೆಪ್ಪು ಕೇಳಿದ ಹಾಗೆ ಪಕ್ಕದ ಮನೆಗೆ ಹೋಗಿ ಕೇಳಿದರಾಯಿತು. ಯೀಸ್ಟು ಕೇಳಿ ಬಂದವರಿಗೆ ಇಲ್ಲವೆಂದವರು ಆ ಕಣಿವೆಯಲ್ಲಿ ಇನ್ನೂ ಹುಟ್ಟಿಲ್ಲ.

“ಒಂದು ಬಾಟ್ಲಿ ಹಿಡ್ಕೊಂಡು ಹೋಗಿ ಆಮುಂಡನ್ನ ಕೇಳೋಕೆ ನಿನಗೇನು ರೋಗ?” ಎಂದಳು ಹೆಂಡತಿ ಸಿಗ್ರಿ.

“ಕಲಗಚ್ಚು ಅಂದ ಬಾಯಲ್ಲೇ ಹೋಗಿ ಕೇಳಲಾ?”

“ಹಾಗಾದ್ರೆ ಬಿಡು, ನಾನೇ ಕೇಳ್ತೀನಿ.”

“ಕೇಳಿದ್ಯೋ, ನಾನು ಮದುವೆಗೇ ಬರಲ್ಲ ನೋಡು!”

“ಮದುವೆ ನಿಂದಲ್ಲ ಮಾರಾಯ, ಮಗಳದ್ದು.”

ಗುಲ್ಲಿಕನ ತರ್ಕವೇ ಬೇರೆ. ಕೇಳಿದರೆ ಮಾನ ಹೋಗುತ್ತದೆ, ಕದ್ದರೆ ಹೋಗುವುದಿಲ್ಲ, ಯಾರಿಗೂ ಗೊತ್ತಾಗಬಾರದು ಅಷ್ಟೆ. ಅಂದಿನಿಂದ ಅವನು ಊಟ ನಿದ್ದೆ ಬಿಟ್ಟು ಲೆಕ್ಕಾಚಾರಕ್ಕೆ ಕೂತ.

ಮುಂದಿನ ಭಾನುವಾರ ಬ್ರಿತಜ್ಜಿಗೆ ಎಂಬತ್ತು ತುಂಬುತ್ತದೆ. ಮಧ್ಯಾಹ್ನ ಆಮುಂಡನ ಅಂಗಳದಲ್ಲಿ ಊರಿಗೆಲ್ಲ ಔತಣ. ಗುಲ್ಲಿಕನಿಗೂ ಕರೆಯಿತ್ತು. ಅತಿಥಿಯನ್ನು ಯಾರು ಅನುಮಾನಿಸುತ್ತಾರೆ? ಯೀಸ್ಟು ಇರುವುದು ಅಂಗಳದ ಅಂಚಿನ ಉಗ್ರಾಣದಲ್ಲಿ. ಯೀಸ್ಟು ಕೆಡದೆ ಉಳಿಯಲೆಂದು, ಕೊಂಡಿಗೆ ಕೊಂಡಿ ಸಿಕ್ಕಿಸಿ ಕೆತ್ತಿದ ಮರದ ದೊಡ್ಡ ಬಳೆಯೊಂದನ್ನು ಯೀಸ್ಟಿನಲ್ಲಿ ಅದ್ದಿ ಒಣಗಿಸಿ ಮೊಳೆಗೆ ತೂಗುಹಾಕಿದ್ದರು. ಬಳೆಯನ್ನೇ ಎತ್ತಿದರೆ ಸಿಕ್ಕಿಬೀಳುವುದು ಖಂಡಿತ. ಎರಡು ಕೊಂಡಿಗಳ ಒಳಮೈ ಕೆರೆದುಕೊಂಡರೆ ದೇವರಿಗೂ ತಿಳಿಯದು.

ಉಗ್ರಾಣದ ಬಾಗಿಲು ಕಿರುಗುಟ್ಟುತ್ತಿತ್ತು. ಏಣಿ ಕೇಳುವ ನೆಪದಲ್ಲಿ ಬುಧವಾರವೇ ಹೋಗಿ ತಿರುಗಣಿಗೆ ಎಣ್ಣೆ ಬಿಟ್ಟು ಬಂದ. ಆಮುಂಡನ ನಾಯಿ ಬಾಮ್ಸೆ ಬೊಗಳದಿರಲು ಹೊಗೆಯಲ್ಲಿ ಒಣಗಿಸಿದ ಕುರಿಮಾಂಸದ ತುಂಡು. ಬೂಟಿನ ಅಡಿಗೆ ದಪ್ಪ ಉಣ್ಣೆಬಟ್ಟೆ ಅಂಟಿಸುತ್ತಿದ್ದಾಗ ಸಿಗ್ರಿ ನೋಡಿಬಿಟ್ಟಳು. “ಕುಣಿಯೋಕೆ ಚೆನ್ನಾಗಿರುತ್ತೆ” ಎಂದ. ಮೂವತ್ತು ವರ್ಷದಲ್ಲಿ ಒಂದು ಸಲವೂ ಕುಣಿಯದ ಗಂಡನನ್ನು ಅವಳು ಮೇಲಿಂದ ಕೆಳಗೆ ನೋಡಿ ಒಳಗೆ ಹೋದಳು.

ಕದ್ದ ಪುಡಿಯನ್ನು ಸಾಗಿಸುವುದು ಹೇಗೆ? ಜೇಬಿನಲ್ಲಿಟ್ಟರೆ ಬಟ್ಟೆ ಒಗೆಯುವಾಗ ಸಿಗ್ರಿಯ ಕೈಗೆ ಸಿಗುತ್ತದೆ. ಅದಕ್ಕೂ ಉಪಾಯ ಹೊಳೆಯಿತು, ಹೊಳೆದಾಗ ಗುಲ್ಲಿಕನಿಗೆ ತನ್ನ ತಲೆಯ ಮೇಲೆ ತನಗೇ ಮುದ್ದು ಬಂತು. ಒಂದು ಫ್ಲಾಸ್ಕಿನ ತುಂಬ ಉಗುರುಬೆಚ್ಚಗಿನ ಸಿಹಿನೀರು ಒಯ್ಯುವುದು. ಕೇಳಿದವರಿಗೆ ಬೆನ್ನುನೋವಿನ ಕಷಾಯ. ಪುಡಿಯನ್ನು ಅಲ್ಲೇ ಅದಕ್ಕೆ ಉದುರಿಸಿದರೆ ಮನೆ ಮುಟ್ಟುವಷ್ಟರಲ್ಲಿ ಯೀಸ್ಟು ಕಣ್ಣುಬಿಟ್ಟಿರುತ್ತದೆ. ಮುದುಕನ ಕಷಾಯಕ್ಕೆ ಕೈ ಹಾಕುವವರು ಯಾರಿದ್ದಾರೆ?

ಎಲ್ಲಕ್ಕಿಂತ ಹೆಚ್ಚು ಜಾಣತನ ತೋರಿದ್ದು ಹೊತ್ತು ಗೊತ್ತುಮಾಡುವುದರಲ್ಲಿ. ಪಿಟೀಲು ನುಡಿಯುವಾಗ ಜನ ಎದ್ದು ಓಡಾಡುತ್ತಾರೆ, ಅದು ಅಪಾಯ. ಆದರೆ ಆಮುಂಡ ತಾಯಿಯ ಬಗ್ಗೆ ಭಾಷಣಕ್ಕೆ ನಿಂತಾಗ ಯಾರೂ ಕುರ್ಚಿ ಬಿಟ್ಟು ಏಳುವಂತಿಲ್ಲ, ಚಮಚ ಆಡಿಸುವಂತಿಲ್ಲ, ಕೆಮ್ಮುವುದೂ ತಪ್ಪು. ಭಾಷಣಕ್ಕೆ ಒಂದು ನಿಮಿಷ ಮುಂಚೆ ಅವನು ಪಾಯಖಾನೆಯ ನೆಪ ಹೇಳಿ ಎದ್ದುಬಿಡುವುದು. ಆಚೆ ಅಷ್ಟು ನಿಶ್ಶಬ್ದವಿರುವಾಗ ಒಳಗೆ ತನ್ನಿಂದಲೂ ಸದ್ದಾಗಬಾರದಲ್ಲ? ವಾರವಿಡೀ ಜೇನು ನೆಕ್ಕಿ ಕೆಮ್ಮು ಕಳೆದುಕೊಂಡ. ಸೀನು ಬಂದರೆ ಮೂಗನ್ನು ಎಲ್ಲಿ ಒತ್ತಬೇಕೆಂದು ಕನ್ನಡಿಯ ಮುಂದೆ ಕಲಿತ. ಭಾನುವಾರ ಬಂದಾಗ ಬಿಕ್ಕಳಿಕೆಗೆ ಹೆದರಿ ಔತಣದಲ್ಲಿ ಬೆಣ್ಣೆ ಹಚ್ಚಿದ ರೊಟ್ಟಿಯನ್ನೂ ಮುಟ್ಟಲಿಲ್ಲ.

“ಯಾಕೋ ಗುಲ್ಲಿಕಾ, ಏನೂ ತಿಂತಿಲ್ಲ? ಇದೂ ಕಲಗಚ್ಚಾ?” ಎಂದು ಬ್ರಿತಜ್ಜಿ ಕೆಣಕಿದಳು.

“ಬೆನ್ನುನೋವು ಅಜ್ಜಿ” ಎಂದು ಫ್ಲಾಸ್ಕು ತೋರಿಸಿದ. ಆಮುಂಡ ಗಂಟಲು ಸರಿಮಾಡಿಕೊಳ್ಳುವುದು ಕಂಡಿತು. ಗುಲ್ಲಿಕ ಹೊಟ್ಟೆ ಹಿಡಿದುಕೊಂಡು ಎದ್ದ.

ಎಲ್ಲವೂ ಅಂದುಕೊಂಡ ಹಾಗೇ ನಡೆಯಿತು. ಬಾಮ್ಸೆ ಮಾಂಸ ಕಚ್ಚಿಕೊಂಡು ಬಾಲ ಅಲ್ಲಾಡಿಸಿತು, ಬಾಗಿಲು ಬೆಣ್ಣೆಯಂತೆ ಸರಿಯಿತು, ಉಣ್ಣೆಯ ಬೂಟು ಹಲಗೆಯ ಮೇಲೆ ಸದ್ದು ಮಾಡಲಿಲ್ಲ. ಹೊರಗೆ ಆಮುಂಡ “ನಮ್ಮಮ್ಮ...” ಎಂದು ಗದ್ಗದಿತನಾಗಿ ನಿಂತಿದ್ದ, ಅಂಗಳದಲ್ಲಿ ಉಸಿರಾಟ ಕೂಡ ಕೇಳುತ್ತಿರಲಿಲ್ಲ. ಗುಲ್ಲಿಕ ಬಳೆ ಇಳಿಸಿ ಎರಡು ಕೊಂಡಿ ಕೆರೆದ, ಫ್ಲಾಸ್ಕಿನ ಮುಚ್ಚಳ ತೆಗೆದ, ಕಂದು ಪುಡಿಯನ್ನು ಬೆಚ್ಚಗಿನ ಸಿಹಿನೀರಿಗೆ ಉದುರಿಸಿದ. ಮಾಲ್ಟಿನ ಪರಿಮಳ ಮುಖಕ್ಕೆ ರಾಚಿತು. ನಲವತ್ತೊಂದು ವರ್ಷಗಳಿಂದ ಆ ಗಳಿಗೆಯಲ್ಲಿ ಮಾಡಿದ್ದನ್ನೇ ಅವನ ಮೈ ಅವನನ್ನು ಕೇಳದೆ ಮಾಡಿತು: ಕಾಲುಗಳು ತಾವೇ ಅಗಲವಾಗಿ ನಿಂತವು, ಎದೆ ಉಬ್ಬಿತು, ಬಾಯಿ ತೆರೆಯಿತು, ಸರೋವರದ ಆಚೆಯ ಕುರಿಗಳು ತಲೆಯೆತ್ತಿದವು. ಕೂಗು ಮುಗಿದ ಮೇಲೆ ಗುಲ್ಲಿಕ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡ. ಅಂಗಳದಿಂದ ಮೊದಲು ಕೇಳಿದ್ದು ಬ್ರಿತಜ್ಜಿಯ ದನಿ. “ಲೋ ಆಮುಂಡಾ, ಭಾಷಣ ಆಮೇಲೆ ಮಾಡುವೆಯಂತೆ. ನನಗೆ ಬಾಯಲ್ಲಿ ನೀರೂರ್ತಿದೆ, ನಮ್ಮ ಉಗ್ರಾಣದಲ್ಲಿ ಗುಲ್ಲಿಕ ಏನು ಮಾಡ್ತಿದಾನೆ ನೋಡು ಹೋಗು.”