ಹೆಂಕೆ ಮನೆಯ ಪೈಪಿನ ಸದ್ದು

ಗುರುವಾರ ಬೆಳಿಗ್ಗೆ ಸ್ಯಾನ್ ಆಂಟೋನಿಯೊ ನಗರದ ಪಶ್ಚಿಮ ಭಾಗದ ಠಾಣೆಗೆ ಒಬ್ಬ ಹೆಂಗಸು ಬಂದು ಮೂಲೆಯ ಕುರ್ಚಿಯಲ್ಲಿ ಕೂತಳು. ಬಂದ ಕೆಲಸವೇನೆಂದು ಯಾರು ಕೇಳಿದರೂ ತಲೆಯೆತ್ತಲಿಲ್ಲ. ಕೊನೆಗೆ ಡಿಟೆಕ್ಟಿವ್ ಒಫೀಲಿಯಾ ಕಾಂತು ತನಗೆಂದು ತಂದಿದ್ದ ಕಾಫಿಯನ್ನು ಅವಳ ಕೈಗಿತ್ತು ಪಕ್ಕದಲ್ಲೇ ಕೂತಳು.

"ನಿಮ್ಮ ವಲಸೆಯ ಕಾಗದಪತ್ರ ನಾನು ಕೇಳಲ್ಲ. ಏನಾಯ್ತು ಅಷ್ಟು ಹೇಳಿ."

"ನನ್ನ ಗಂಡ ಸೋಮವಾರ ಕೆಲಸಕ್ಕೆ ಹೋದವ್ನು ಮನೆಗೆ ಬಂದಿಲ್ಲ, ಮೇಡಂ."

ಹೆಸರು ಡಿಲ್ಸಿಯಾ. ಗಂಡ ಸೆಲ್ವಿನ್ ಮರಾದಿಯಾಗ. ಇಬ್ಬರೂ ಹೊಂಡುರಾಸ್ ದೇಶದವರು. ಸೆಲ್ವಿನ್‌ನ ಕೆಲಸ ಮನೆಗಳ ಅಡಿಯಲ್ಲಿ ಸುರಂಗ ತೋಡುವುದು. ಈ ಊರಿನ ಮನೆಗಳು ನೆಲದ ಮೇಲೆ ನೇರವಾಗಿ ಹಾಸಿದ ಕಾಂಕ್ರೀಟಿನ ಮೇಲೆ ನಿಂತಿವೆ, ಪೈಪುಗಳು ಅದರ ಕೆಳಗೆ ಜಿಗುಟು ಕರಿಮಣ್ಣಿನಲ್ಲಿ ಹೂತಿವೆ. ಪೈಪು ಒಡೆದರೆ ಚಂದದ ನೆಲಹಾಸು ಅಗೆಸಲು ಯಾರಿಗೂ ಮನಸ್ಸು ಬಾರದು. ಆಗ ಹಿತ್ತಲಿಂದ ಬಿಲ ತೋಡಿ ಹೊಟ್ಟೆಯ ಮೇಲೆ ತೆವಳಿಕೊಂಡು ಹೋಗುವ ಗಂಡಸರು ಬೇಕಾಗುತ್ತಾರೆ. ಅವರ ಹೆಸರು ಮಾತ್ರ ಯಾರಿಗೂ ಬೇಕಿಲ್ಲ.

"ಮೇಸ್ತ್ರಿ ಯಾರು?"

"ಇಸಿದ್ರೊ ಬನೇಗಸ್. ನಮ್ಮೂರಿನವ್ನೇ, ನಮ್ಮ ಮಗಳಿಗೆ ಧರ್ಮತಂದೆ. ಸೆಲ್ವಿನ್ ಜಗಳ ಆಡ್ಕೊಂಡು ಮಧ್ಯಾಹ್ನವೇ ಹ್ಯೂಸ್ಟನ್ ಕಡೆ ಹೋದ ಅಂತಾನೆ. ಠಾಣೆಗೆ ಕಾಲಿಡಬೇಡ, ನಿನ್ನನ್ನೇ ಗಡಿಯಾಚೆ ಹಾಕ್ತಾರೆ ಅಂತ ಹೆದರಿಸ್ದ."

"ಗಂಡನಿಗೆ ಫೋನ್ ಮಾಡಿದ್ರಾ?"

ಡಿಲ್ಸಿಯಾ ಚೀಲದಿಂದ ಫೋನೊಂದನ್ನು ತೆಗೆದು ಮಡಿಲಲ್ಲಿಟ್ಟುಕೊಂಡಳು. "ಅವನ ಫೋನು ಇದೇ. ಟ್ರಕ್ಕಲ್ಲಿತ್ತು ಅಂತ ಇಸಿದ್ರೊ ತಂದ್ಕೊಟ್ಟ. ಬಿಲಕ್ಕೆ ಇಳಿಯೋವಾಗ ಮಣ್ಣಾಗತ್ತೆ ಅಂತ ಅಲ್ಲೇ ಬಿಡ್ತಾನೆ."

ಊರು ಬಿಡುವವನು ಫೋನು ಬಿಟ್ಟು ಹೋಗುವುದುಂಟೇ? ಒಫೀಲಿಯಾ ದೂರು ದಾಖಲಿಸಿ, ಪೇದೆ ಪ್ರುಯಿಟ್‌ನನ್ನು ಕರೆದುಕೊಂಡು ಸೋಮವಾರ ಕೆಲಸ ನಡೆದಿದ್ದ ಮನೆಗೆ ಹೊರಟಳು.

ಮನೆಯೊಡತಿ ಲೊರೇನ್ ಹೆಂಕೆ ಒಂಟಿ ಮುದುಕಿ. ಪೊಲೀಸರನ್ನು ಕಂಡು ಗಾಬರಿಯಾಗುವ ಬದಲು ರೇಗಿದಳು.

"ಅಂತೂ ಯಾರೋ ಬಂದ್ರಲ್ಲ! ಸ್ನಾನಕ್ಕೆ ಪಕ್ಕದ ಮನೆಗೆ ಟವೆಲ್ ಹಿಡ್ಕೊಂಡು ಹೋಗೋ ಗತಿ ಬಂದಿದೆ ನಂಗೆ. ಅರ್ಧ ಕೆಲಸ ಮಾಡಿ ಬಿಲ ಮುಚ್ಚಿ ಹೋಗಿದಾನೆ ಆ ಪುಣ್ಯಾತ್ಮ."

ಪ್ರುಯಿಟ್ ಹುಬ್ಬು ಗಂಟಿಕ್ಕಿದ. "ಮುಚ್ಚಿದ್ನಾ? ನಗರಸಭೆಯವರು ಹೊಸ ಪೈಪು ನೋಡೋ ತನಕ ಮುಚ್ಚೋ ಹಾಗಿಲ್ಲ. ನಮ್ಮಣ್ಣನ ಮನೇಲಿ ಎಷ್ಟೋ ದಿನ ಬಾಯಿ ತೆರ್ಕೊಂಡೇ ಬಿದ್ದಿತ್ತು."

"ಯಾವಾಗ ಮುಚ್ಚಿದ?" ಒಫೀಲಿಯಾ ಕೇಳಿದಳು.

"ಸೋಮವಾರ, ನಾನು ಅಂಗಡಿಗೆ ಹೋಗಿ ಬರೋದ್ರೊಳಗೆ. ಸಂಜೆಯಿಂದ ಬಚ್ಚಲ ಪೈಪು ಬಡ್ಕೊಳ್ಳೋಕೆ ಶುರುವಾಯ್ತು. ಅವನಿಗೇ ಫೋನ್ ಮಾಡ್ದೆ. ಒಳಗೆ ಗಾಳಿ ಸೇರ್ಕೊಂಡಿದೆಯಮ್ಮಾ, ಬೆಳಿಗ್ಗೆ ಹೊತ್ತಿಗೆ ತಾನಾಗೇ ನಿಲ್ಲತ್ತೆ ಅಂದ."

"ನಿಂತಿತಾ?"

"ಅದೊಂದು ಮಾತು ಮಾತ್ರ ನಿಜ ಹೇಳ್ದ ನೋಡಿ. ಬೆಳಗಿನ ಜಾವ ನಿಂತೇ ಹೋಯ್ತು."

"ಹೇಗೆ ಬಡ್ಕೊಳ್ತಿತ್ತು?"

ಮುದುಕಿ ಬೆರಳ ಗೆಣ್ಣಿನಿಂದ ಬಾಗಿಲ ಚೌಕಟ್ಟಿಗೆ ಬಡಿದು ತೋರಿಸಿದಳು. ಮೂರು ಪೆಟ್ಟು. ಒಂದಿಷ್ಟು ಬಿಡುವು. ಮತ್ತೆ ಮೂರು.

ಗಾಳಿಗೆ ಎಣಿಸಲು ಬರುವುದಿಲ್ಲ. ಒಫೀಲಿಯಾ ಹಿತ್ತಲಿಗೆ ಬಂದು ಅಗ್ನಿಶಾಮಕ ದಳಕ್ಕೆ ಕರೆ ಮಾಡಿದಳು. ಬಿಲ ಎತ್ತ ಹೋಗಿದೆ ಎಂದು ಬಲ್ಲವನೊಬ್ಬ ಬೇಕಿತ್ತು. ಪ್ರುಯಿಟ್ ಹೋಗಿ, ಇಸಿದ್ರೊನ ಇನ್ನೊಬ್ಬ ಆಳು, ಸೋಮವಾರ ಬೇರೆ ಮನೆಯಲ್ಲಿ ಕೆಲಸ ಮಾಡುತ್ತಿದ್ದ ಚೆಪೆಯನ್ನು ಕರೆತಂದ.

"ಒಳಗಿರೋವ್ನು ಪೈಪಿಗೆ ಮೂರು ಸಲ ಬಡಿದ್ರೆ ಏನರ್ಥ?"

"ಯಾರು ಬಡಿದ್ರು, ಮೇಡಂ?"

"ಕೇಳಿದ್ದಕ್ಕೆ ಹೇಳಪ್ಪ."

"ಕೂಗಿದ್ರೆ ಈ ಮಣ್ಣಲ್ಲಿ ಹೊರಗೆ ಕೇಳ್ಸಲ್ಲ. ಅದಕ್ಕೇ ಪೈಪಿಗೆ ಬಡೀತೀವಿ. ಒಂದು ಅಂದ್ರೆ ಬಕೆಟ್ ಎಳಿ. ಎರಡು ಅಂದ್ರೆ ನೀರು ಕಳ್ಸು. ಮೂರು ಅಂದ್ರೆ..." ಚೆಪೆ ಮುಚ್ಚಿದ ಬಿಲದ ಕಡೆ ನೋಡಿದ. "ಮೂರು ಅಂದ್ರೆ ಸಿಕ್ಕಾಕ್ಕೊಂಡಿದೀನಿ, ಬಾ ಅಂತ."

"ಯಾರು ಕಲಿಸಿದ್ದು ಇದನ್ನ?"

"ಇಸಿದ್ರೊ."

ಹೇಳಿ ಮುಗಿಸಿದ್ದೇ ತಡ, ಚೆಪೆ ಯಾರ ಅಪ್ಪಣೆಗೂ ಕಾಯದೆ ಸನಿಕೆ ಹಿಡಿದ. ಅಗ್ನಿಶಾಮಕದವರು ಬಂದ ಮೇಲೂ ಬಿಡಲಿಲ್ಲ. ಸಂಜೆಯ ಹೊತ್ತಿಗೆ ಶವ ಸಿಕ್ಕಿತು.

ಸ್ಥಳ ಪಂಚನಾಮೆಯಲ್ಲಿ ಒಫೀಲಿಯಾ ಬರೆಸಿದ್ದು ಹೀಗೆ: ಭಾನುವಾರದ ಮಳೆಗೆ ನೆನೆದ ಮಣ್ಣು ಸುರಂಗದ ನಡುವೆ ಕುಸಿದಿದೆ. ಆಸರೆಗೆ ಒಂದು ಹಲಗೆಯನ್ನೂ ನಿಲ್ಲಿಸಿಲ್ಲ. ಬಚ್ಚಲ ಕೆಳಗೆ, ಸುರಂಗದ ತುದಿಯಲ್ಲಿ, ಒಬ್ಬ ಮನುಷ್ಯ ಮಲಗುವಷ್ಟು ಜಾಗ ಹಾಗೆಯೇ ಉಳಿದಿದೆ. ಶವ ಅಲ್ಲಿದೆ. ಬಲಗೈಯಲ್ಲಿ ಪೈಪು ತಿರುಗಿಸುವ ಸ್ಪ್ಯಾನರ್. ಕಬ್ಬಿಣದ ಪೈಪಿನ ಮೇಲೆ ಹೊಸದಾಗಿ ಬಿದ್ದ ಪೆಟ್ಟಿನ ಗುರುತುಗಳು. ಮೈಮೇಲೆ ಗಾಯವಿಲ್ಲ. ಉಸಿರಾಡಲು ಗಾಳಿ ಸಾಲದೆ, ಬಹುಶಃ ಮಂಗಳವಾರ ಬೆಳಗಿನ ಜಾವ ಪ್ರಾಣ ಹೋಗಿದೆ ಎಂದು ವೈದ್ಯರು ಹೇಳಿದರು.

ಶುಕ್ರವಾರ ಬೆಳಿಗ್ಗೆ ಇಸಿದ್ರೊ ಸಿಕ್ಕಿದ್ದು ಡಿಲ್ಸಿಯಾಳ ಮನೆಯಲ್ಲೇ. ರಾತ್ರಿ ಸಾವಿನ ಸುದ್ದಿ ಕೇಳಿದಾಗಿನಿಂದ ಅವಳು ಚರ್ಚಿನವರ ಮನೆಯಲ್ಲಿದ್ದಳು. ಇವನು ಸಂಕಟದ ಮನೆಗೆಂದು ಅಕ್ಕಿ, ಹುರುಳಿಕಾಳು ಹೊತ್ತು ತಂದು, ನೆರೆಯವರು ನೋಡಿಕೊಳ್ಳುತ್ತಿದ್ದ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಜಡೆ ಹೆಣೆಯುತ್ತಿದ್ದ. ಪೊಲೀಸರನ್ನು ಕಂಡು ಓಡಲಿಲ್ಲ. ಜಡೆಗೆ ರಿಬ್ಬನ್ ಕಟ್ಟಿ ಮಗುವನ್ನು ಕೆಳಗಿಳಿಸಿ ಎರಡೂ ಕೈ ಮುಂದೆ ಚಾಚಿದ. ಒಫೀಲಿಯಾಗೆ ಮೈಯೆಲ್ಲ ಉರಿದುಹೋಯಿತು.

ಠಾಣೆಯಲ್ಲಿ ವಿಚಾರಣೆ ಬಹಳ ಹೊತ್ತು ಹಿಡಿಯಲಿಲ್ಲ.

"ಮಣ್ಣು ಕುಸಿದಾಗ ತೋಡಿದೆ, ಮೇಡಂ. ಉಗುರು ಕಿತ್ತುಹೋಗೋ ಹಾಗೆ ತೋಡಿದೆ. ಉತ್ತರ ಇಲ್ಲ. ಸತ್ತ ಅಂದ್ಕೊಂಡೆ."

"ಒಂದು ಫೋನ್ ಮಾಡಿದ್ರೆ ಜನ ಬರ್ತಿದ್ರು."

"ಪೊಲೀಸರೂ ಬರ್ತಿದ್ರು. ಒಂದ್ಸಲ ನನ್ನನ್ನ ಗಡಿಯಾಚೆ ಹಾಕಿದಾರೆ. ಇನ್ನೊಂದ್ಸಲ ಸಿಕ್ಕಿದ್ರೆ ಜೈಲು. ಮಕ್ಕಳ ನೆನಪಾಯ್ತು. ಮುಚ್ಚಿಬಿಟ್ಟೆ."

"ಸಂಜೆ ಮುದುಕಿ ಫೋನ್ ಮಾಡಿದ್ಲಲ್ಲ?"

ಇಸಿದ್ರೊ ತನ್ನ ಉಗುರುಗಳನ್ನೇ ನೋಡುತ್ತ ಕೂತ. "ಆಯಮ್ಮ ಬಚ್ಚಲಿಗೇ ಹೋಗಿ ಫೋನು ಹಿಡಿದ್ಲು. ನಂಗೇ ಕೇಳಿಸ್ತು. ಮೂರು... ಮೂರು..."

"ಆಗ ಯಾಕೆ ಹೋಗ್ಲಿಲ್ಲ?"

"ಹೊರಟೆ. ಟ್ರಕ್ಕು ಹತ್ತಿ ಕೂತೆ." ಅವನ ದನಿ ಕುಗ್ಗಿತು. "ಸತ್ತಿದ್ರೆ ಹೇಗಾದ್ರೂ ತೆಗ್ದು ಮಣ್ಣು ಮಾಡ್ತಿದ್ದೆ, ಮೇಡಂ. ಆದ್ರೆ ಬದುಕಿದ್ದ. ಹೊರಗೆ ಬಂದ್ರೆ ನನ್ನ ಮುಖ ನೋಡ್ತಿದ್ದ. ಬಿಲದ ಬಾಯಿ ಮುಚ್ಚಿದ್ದು ನೀನೇ ಅಲ್ವಾ ಅಂತ ಕೇಳ್ತಿದ್ದ. ಏನಂತ ಹೇಳ್ಲಿ?"

ಪ್ರುಯಿಟ್ ಬರೆಯುವುದನ್ನು ನಿಲ್ಲಿಸಿ ಎದ್ದು ಹೊರಗೆ ಹೋದ. ಒಫೀಲಿಯಾ ಹೇಳಿಕೆಗೆ ಸಹಿ ಹಾಕಿಸಿಕೊಂಡಳು. ಆಕಸ್ಮಿಕ ಸಾವಾಗಿ ಮುಗಿಯಬಹುದಾಗಿದ್ದ ಪ್ರಕರಣ ಕೊಲೆಯೆಂದು ದಾಖಲಾಯಿತು.

ಮಧ್ಯಾಹ್ನ ಡಿಲ್ಸಿಯಾ ಗಂಡನ ಬಟ್ಟೆ ತೆಗೆದುಕೊಂಡು ಹೋಗಲು ಬಂದಳು. ಒಂದೇ ಪ್ರಶ್ನೆ ಕೇಳಿದಳು. "ಮಣ್ಣು ಬಿದ್ದ ತಕ್ಷಣ ಅವನ ಜೀವ ಹೋಗ್ಬಿಡ್ತಾ?"

ಹೌದು ಎಂಬ ಮಾತು ಒಫೀಲಿಯಾಳ ನಾಲಗೆ ತುದಿಯ ತನಕ ಬಂದಿತ್ತು. ಆದರೆ ಮುಂದೊಂದು ದಿನ ನ್ಯಾಯಾಲಯದಲ್ಲಿ ಅಷ್ಟು ಜನರ ನಡುವೆ ಕೇಳುವುದಕ್ಕಿಂತ ಇಲ್ಲೇ ಕೇಳುವುದು ಮೇಲು.

"ಇಲ್ಲಮ್ಮ. ರಾತ್ರಿಯೆಲ್ಲ ಪೈಪು ಬಡಿದ."

ಡಿಲ್ಸಿಯಾ ಬಟ್ಟೆಯ ಗಂಟನ್ನು ಎದೆಗವಚಿಕೊಂಡಳು.

"ಸೋಮವಾರ ರಾತ್ರಿಯೇ ಬಂದಿದ್ದೆ, ಮೇಡಂ," ಅಂದಳು. "ರಸ್ತೆಯಾಚೆ ನಿಂತ್ಕೊಂಡು ಈ ಠಾಣೆ ದೀಪ ನೋಡ್ತಾ ಇದ್ದೆ. ಒಳಗೆ ಬರೋಕೆ ಧೈರ್ಯ ಸಾಲ್ದೆ ಮನೆಗೆ ಹೋದೆ."