ಸಂಪರ್ಕಕ್ಕೆ: ಅವನ ನಂಬರ್

"ನಿನ್ನ ರಿಪೋರ್ಟ್ ಅವನು ಬರೆಯಲ್ವಂತೆ. ಬೇರೆ ಯಾರಿಗಾದ್ರೂ ಕೊಡಿ ಅಂದ," ಎಂದರು ನಮ್ಮ ವಿಭಾಗದ ಮುಖ್ಯಸ್ಥೆ ಮೇಡಂ, ಕಂಪ್ಯೂಟರಿನಿಂದ ಕಣ್ಣು ತೆಗೆಯದೆ.

ನನಗೆ ಮೈಯೆಲ್ಲ ಉರಿದುಹೋಯಿತು. ಕಣ್ಣಿನ ಆಸ್ಪತ್ರೆಯ ಕಮ್ಯುನಿಕೇಷನ್ಸ್ ವಿಭಾಗದಲ್ಲಿ ನಾನು ಇಂಟರ್ನ್ ಆಗಿ ಆರು ವಾರ. ನನ್ನ ಕೆಲಸ ಹೇಗಿದೆ ಎಂದು ಹೇಳುವ ಆ ರಿಪೋರ್ಟ್ ಚೆನ್ನಾಗಿದ್ದರೆ ನೌಕರಿ, ಇಲ್ಲದಿದ್ದರೆ ಮನೆ. ಬರೆಯಬೇಕಾದವನು ನನಗೆ ಕೆಲಸ ಕಲಿಸುತ್ತಿದ್ದ ಸೀನಿಯರ್. ನಾನು ಅವನಿಗಿಟ್ಟ ಹೆಸರು ಕತ್ತರಿ.

ಹೆಸರು ಸುಮ್ಮನೆ ಬಂದದ್ದಲ್ಲ. ಮೊದಲ ವಾರ ಎರಡು ಪುಟದ ಪತ್ರಿಕಾ ಪ್ರಕಟಣೆ ಬರೆದುಕೊಟ್ಟರೆ ಏಳು ಸಾಲು ಉಳಿಸಿ ವಾಪಸ್ ಕೊಟ್ಟ.

"'ಅತ್ಯಾಧುನಿಕ' ಬೇಡ. 'ಹೆಮ್ಮೆಯಿಂದ' ಬೇಡ. ಯಾವತ್ತು, ಎಲ್ಲಿ, ಎಷ್ಟು ಗಂಟೆಗೆ? ಅಷ್ಟು ಸಾಕು."

"ಮತ್ತೆ ನಾನ್ಯಾಕೆ? ಕ್ಯಾಲೆಂಡರ್ ಸಾಕಲ್ವಾ?"

ಅವನು ನಕ್ಕ. ನಕ್ಕರೆ ಎಡಗೆನ್ನೆಯಲ್ಲೊಂದು ಗುಳಿ ಬೀಳುತ್ತದೆ. ಅದೊಂದು ಬೇರೆ ಕರ್ಮ!

ದಿನಾ ಮನೆಗೆ ಹೋಗಿ ಅಕ್ಕನ ಮುಂದೆ ಅವನನ್ನು ಬೈಯುತ್ತಿದ್ದೆ. "ಅವನ ಸುದ್ದಿ ಬಿಟ್ಟು ಊಟ ಮಾಡೇ," ಎಂದು ಅವಳು ಕಣ್ಣಲ್ಲೇ ನಗುತ್ತಿದ್ದಳು. ಅವಳಿಗೇನು ಗೊತ್ತು ನನ್ನ ಕಷ್ಟ!

ಮೇಡಂ ರೂಮಿನಿಂದ ನೇರ ಅವನ ಟೇಬಲ್ಲಿಗೆ ಹೋದೆ. "ರಿಪೋರ್ಟ್ ಕೂಡ ಬರೆಯೋಕಾಗದಷ್ಟು ಕೆಟ್ಟ ಕೆಲಸ ಏನ್ ಮಾಡಿದ್ದೀನಿ ನಾನು?"

"ಹಾಗಲ್ಲ, ಕೂತ್ಕೊಳ್ಳಿ..."

ಅಷ್ಟರಲ್ಲಿ ಅವನ ಫೋನ್. "ಹೌದಮ್ಮ, ಉಚಿತ ತಪಾಸಣೆ ಶನಿವಾರ. ಹಳೇ ಕನ್ನಡಕಾನೂ ತನ್ನಿ." ಇಟ್ಟ ಕೂಡಲೇ ಇನ್ನೊಂದು. "ಹೂಂ ಸಾರ್, ಒಂಬತ್ತು ಗಂಟೆಗೆ."

"ನಿಮಗ್ಯಾಕೆ ಈ ಕಾಲ್? ಹೆಲ್ಪ್‌ಲೈನ್ ಇದೆಯಲ್ಲ?"

ಅವನು ಫೋನನ್ನು ಮಗುಚಿಟ್ಟ. ಟೇಬಲ್ ಮೇಲಿದ್ದ ಪೇಪರ್ ನೋಡಿದೆ. ಉಚಿತ ತಪಾಸಣೆಯ ಬಗ್ಗೆ ನಾನು ಕಳಿಸಿದ ಪ್ರಕಟಣೆ ಅಚ್ಚಾಗಿತ್ತು. ಕೊನೆಯಲ್ಲಿ 'ಸಂಪರ್ಕಕ್ಕೆ' ಎಂದಿರುವ ಕಡೆ ಅವನ ಸ್ವಂತ ಮೊಬೈಲ್ ನಂಬರ್. ಹಳೆಯ ಪ್ರಕಟಣೆಯನ್ನು ನಕಲು ಮಾಡಿಕೊಂಡು, ಪತ್ರಕರ್ತರಿಗೆಂದು ಅದರಲ್ಲಿದ್ದ ನಂಬರನ್ನು ಬದಲಿಸದೆ ಕಳಿಸಿಬಿಟ್ಟಿದ್ದೆ.

"ಎಷ್ಟು ಕಾಲ್ ಬಂತು?"

"ನಾಲ್ಕು ದಿನಕ್ಕೆ ಇನ್ನೂರು ಚಿಲ್ಲರೆ."

"ಈ ತಪ್ಪಿಗೇ ಬರೆಯಲ್ಲ ಅಂದ್ರಾ?"

"ಅಯ್ಯೋ, ಅಲ್ಲ. ಬೇರೆ ಇಂಟರ್ನ್ ಆಗಿದ್ರೆ ಅವತ್ತೇ ಮೇಡಂಗೆ ಹೇಳ್ತಿದ್ದೆ. ನಿಮ್ಮದು ಅಂತ ಮುಚ್ಚಿಟ್ಟೆ." ಪೆನ್ನಿನ ಮುಚ್ಚಳ ತೆಗೆದ, ಹಾಕಿದ, ಮತ್ತೆ ತೆಗೆದ. ಕಿವಿ ಕೆಂಪಾಗಿತ್ತು. "ನಿಮ್ ವಿಷಯದಲ್ಲಿ ನನ್ ಮಾತು ಯಾರೂ ನಂಬಬಾರ್ದು. ಯಾಕಂದ್ರೆ ನಂಗೆ..."

ಮತ್ತೆ ಫೋನ್.

"ಎತ್ತಿದ್ರೆ ನೋಡಿ!" ಎಂದೆ.

ಎತ್ತಿದ. ಈ ಮನುಷ್ಯನನ್ನು ಕಟ್ಟಿಕೊಂಡು ಏಗುವುದುಂಟೇ! ಅವನು ಯಾರಿಗೋ ದಾರಿ ಹೇಳುತ್ತಿದ್ದಂತೆ ನಾನು ಮೇಡಂ ಬಳಿ ಹೋಗಿ ನಂಬರಿನ ವಿಷಯವನ್ನೆಲ್ಲ ಒಪ್ಪಿಕೊಂಡೆ.

ಮೇಡಂ ನನ್ನನ್ನೇ ನೋಡಿದರು. "ಬರವಣಿಗೆ ಪರ್ವಾಗಿಲ್ಲ. ಚೆಕ್ ಮಾಡೋದು ಕಲಿ. ಇನ್ನೂ ಮೂರು ತಿಂಗಳು ಇಂಟರ್ನ್ ಆಗೇ ಇರು. ನನ್ನ ಕೈಕೆಳಗೆ, ಅವನ ಕೈಕೆಳಗಲ್ಲ."

ಹೊರಗೆ ಕಾರಿಡಾರಿನಲ್ಲಿ ಅವನು ಗಾಬರಿಯಾಗಿ ನಿಂತಿದ್ದ. "ಯಾಕ್ರೀ ಹೇಳಿದ್ರಿ? ಕೆಲಸ ಹೋಗಿದ್ರೆ?"

"ಹೋದ್ರೆ ಇನ್ನೊಂದು ಹುಡುಕ್ತಿದ್ದೆ. ನೀವು ನನಗೋಸ್ಕರ ಏನನ್ನೂ ಮುಚ್ಚಿಡೋದು ಬೇಡ." ಸಿಟ್ಟಿನ ಭರದಲ್ಲಿ ಉಳಿದದ್ದೂ ಬಾಯಿಂದ ಹೊರಬಿತ್ತು. "ನಂಗೆ ನೀವು ಬೇಕು, ಅಷ್ಟೇ."

ಅವನು ಗೋಡೆಗೆ ಒರಗಿದ. "ನಂಗೂ. ಎರಡನೇ ವಾರದಿಂದ."

"ಮೊದಲೇ ಹೇಳೋಕೆ ಏನಾಗಿತ್ತು ನಿಮಗೆ?"

"ನಿಮ್ಮ ರಿಪೋರ್ಟ್ ಕೈಲಿಟ್ಕೊಂಡು ಹೇಗ್ರೀ ಕೇಳೋದು? ನೀವು ಹೆದರಿ ಹೂಂ ಅಂದುಬಿಟ್ಟಿದ್ರೆ?"

ಆರು ವಾರದ ನನ್ನ ಸಿಟ್ಟು ಅಲ್ಲೇ ಇಳಿದುಹೋಯಿತು.

"ಹೆದರೋಳ ಥರ ಕಾಣ್ತೀನಾ ನಾನು?" ಎಂದು ಅವನ ಕೈ ಹಿಡಿದುಕೊಂಡೆ.